ಚಿನ್ನೀನ ಹಿತ್ತಲಕ್ಕ ಬಿಡೂದಕ್ಕ ಮುಂಚೆ

ತಂಗಿ, ನಿನ್ನ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡಿದ್ರ ಭಾಳ ಉದ್ದ ಆಗ್ತೈತಿ ಅಂತ ಮಾತಾಡೇ ಹಾಕಾಕತ್ತೀನಿ, ಪೂರ್ತಿ ಕೇಳು. ನಿಮ್ಮ ಬೆಕ್ಕು ಚಿನ್ನಿ ಇಡೀ ದಿನ ಕಿಡಕ್ಯಾಗ ಕುಂತು ಹಿತ್ತಲಾ ನೋಡಿ ಒದರ್ತಾಳ, ಹೊರಗ ಬಿಡ್ಲೋ ಬ್ಯಾಡೋ ಅಂತ ಕೇಳೀದಿ. ನಿಮ್ಮ ಮಾಮಾ ‘ಬೆಕ್ಕು ಅಂದ್ರ ಅಡ್ಡಾಡೂ ಪ್ರಾಣಿ, ಬಾಗಲಾ ತಗದು ಬಿಡು’ ಅಂದಾರ. ಬೆಳಗಾವಿ ವೈನಿ ‘ಹುಷಾರು, ಒಳಗೇ ಇರ್ಲಿ’ ಅಂದಾರ. ನನ್ನ ಕೇಳಿದ್ರ ಕರ್ಕೊಂಡು ಹೋಗು, ಆದ್ರ ಹೊರಗಿದ್ದಷ್ಟು ಹೊತ್ತು ನೀನೂ ಅಲ್ಲೇ ಇರಬೇಕು. ಬಾಗಲಾ ತಗದಿಟ್ಟು ಅಡಗಿ ಮನಿಗೆ ಹೋಗೂದು ಮಾತ್ರ ಬ್ಯಾಡ. ನಿಮ್ಮ ನವನಗರದಾಗ ಕಂಪೌಂಡಿಗೆ ಕಂಪೌಂಡು ಹತ್ತಿ ಅದಾವ. ಐದಾರು ಫೂಟಿನ ಗ್ವಾಡಿ ಅಕೀಗೆ ಲೆಕ್ಕಕ್ಕೇ ಇಲ್ಲ. ಒಂದು ಜಿಗಿತಕ್ಕ ಮಗ್ಗಲ ಮನಿ, ಇನ್ನೊಂದಕ್ಕ ರೋಡು, ರೋಡಿನ್ಯಾಗ ನಾಯಿ.

ಮೊದಲ ಡಾಕ್ಟರ್ ಕಡೆ ಹೋಗು. ರೇಬಿಸ್ ಲಸಿಕಿ ಆಗಿರಬೇಕು, ಅದು ಮೂರು ತಿಂಗಳ ತುಂಬಿದ ಮ್ಯಾಲೆ ಕೊಡ್ತಾರ. ಬೆಕ್ಕಿಂದೇ ಅಂತ ಇನ್ನೊಂದು ಲಸಿಕಿ ಐತಿ, ಟ್ರೈಕ್ಯಾಟ್ ಅಂತಾರ. ಅದು ಎಂಟು ವಾರಕ್ಕ ಶುರು, ಮೂರ್ನಾಕು ವಾರ ಬಿಟ್ಟು ಮತ್ತ ಬೂಸ್ಟರ್. ‘ಮನ್ಯಾಗಿನ ಬೆಕ್ಕಿಗೆ ಯಾಕ’ ಅಂತ ಬಿಡಬ್ಯಾಡ. ಓಣಿ ಬೆಕ್ಕುಗಳು ರಾತ್ರಿ ನಿಮ್ಮ ಹಿತ್ತಲದಾಗ ಅಡ್ಡಾಡ್ತಾವ. ವಾಂತಿ ಭೇದಿ ಹತ್ತಿ ಮರಿಗಳು ಸಾಯ್ತಾವಲ್ಲ, ಆ ಪಾನ್‌ಲ್ಯುಕೋಪೀನಿಯಾ ವೈರಸ್ ಮಣ್ಣಾಗ ಒಂದು ವರ್ಷದ ತನಕಾನೂ ಜೀವ ಹಿಡಕೊಂಡು ಇರ್ತೈತಿ. ಆಪರೇಶನ್ ಆಗದಿದ್ರ ಅದನ್ನೂ ಮಾಡಿಸು. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದಿಗೆ ಬರ್ತೈತಿ, ಮುಂದ ಎರಡು ತಿಂಗಳಿಗೆ ಮರಿ. ಉಣ್ಣಿ, ಚಿಗಟಕ್ಕ ಬೆಕ್ಕಿನ ಔಷಧನೇ ಕೇಳಿ ತಗೋ. ನಾಯಿಗೆ ಹಾಕೂ ಪರ್ಮೆಥ್ರಿನ್ ಡ್ರಾಪ್ಸ್ ಬೆಕ್ಕಿಗೆ ಹಾಕಿದ್ರ ನಡುಗಿ ನಡುಗಿ ಜೀವಾನೇ ಹೋಗ್ತೈತಿ.

ಇನ್ನ ಹಾರ್ನೆಸ್. ಬರೇ ಕೊರಳ ಪಟ್ಟಿಗೆ ಹಗ್ಗ ಕಟ್ಟಬ್ಯಾಡ, ಉಸಿರು ಕಟ್ಟತೈತಿ. ಎದಿ, ಬೆನ್ನು ಸುತ್ತಿ ಬರೂ ಹಾರ್ನೆಸ್ ತಗೋ. ಹಾಕಿದ ಮ್ಯಾಲೆ ಒಳಗ ನಿನ್ನ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡ್ಲ ಇದ್ರ ಹಿಂದ ಹಿಂದ ಸರದು ಬಿಚ್ಚಿಕೊಂಡು ಓಡ್ತಾಳ. ತಂದ ದಿನಾನೇ ಹೊರಗ ಒಯ್ಯಬ್ಯಾಡ. ಅಕಿ ಮಲಗೂ ಜಾಗಾದಾಗ ಇಡು, ಮೂಸ್ಲಿ. ಆಮ್ಯಾಲೆ ಊಟದ ಹೊತ್ತಿಗೆ ಹಾಕು, ತಿಂದಾದ ಕೂಡಲೇ ಬಿಚ್ಚು. ನಮ್ಮ ಕಾಳ್ಯಾ ಹಾರ್ನೆಸ್ ಹಾಕಿದ ಕೂಡಲೇ ಒಂದು ಮಗ್ಗಲಾ ಧೊಪ್ಪಂತ ಬಿದ್ದು, ನಾಲ್ಕೂ ಕಾಲು ಚಾಚಿ, ಸೊಂಟದಾಗ ಶಕ್ತೀನೇ ಇಲ್ಲದಂಗ ಮಲಗ್ತಿದ್ದ. ನೋಡಿದವರು ಗಾಬರಿ ಆಗ್ತಿದ್ರು. ಅದು ಭಾಳ ಬೆಕ್ಕು ಮಾಡ್ತಾವ, ಎಬ್ಬಿಸಿ ಜಗ್ಗಬಾರದು. ಮುಂದ ಸೇರೂ ತಿನಿಸು ಇಟ್ಟು ಸುಮ್ನ ಕುಂತ್ರ ಎದ್ದು ಬರ್ತಾವ. ಪಡಸಾಲ್ಯಾಗ ಬಾಲ ಎತ್ತಿ ಆರಾಮ ಅಡ್ಡಾಡೂ ತನಕ ಹೊರಗಿನ ಮಾತು ಬ್ಯಾಡ.

ಹೊರಗ ಒಯ್ಯೂದು ಊಟಕ್ಕಿಂತ ಮುಂಚೆ. ಹೊಟ್ಟಿ ಹಸದಿದ್ರ ಡಬ್ಬಿ ಅಲುಗಾಡಿಸಿದ ಕೂಡಲೇ ತಿರುಗಿ ಬರ್ತಾಳ. ಆ ಡಬ್ಬಿ ಸಪ್ಪಳಾ ಈಗಿನಿಂದನೇ ರೂಢಿ ಮಾಡ್ಸು, ಸಪ್ಪಳಾ ಮಾಡಿದಾಗೆಲ್ಲಾ ಏನರ ಕೊಡ್ಲೇಬೇಕು. ಅಕೀನ ಬಾಗಲಾ ಇರೂ ಬುಟ್ಟ್ಯಾಗ ಕೂಡ್ಸಿ ಒಯ್ಯಿ, ತಾನೇ ಹೊಸ್ತಿಲಾ ದಾಟೂದು ಕಲಸಬ್ಯಾಡ. ಕಲ್ತ್ರ ನೀವು ಹಾಲು ತಗೊಳ್ಳಾಕ ಬಾಗಲಾ ತಗದಾಗೆಲ್ಲಾ ಕಾಲ ಸಂದ್ಯಾಗಿಂದ ಓಡ್ತಾಳ. ಗ್ವಾಡಿ ಮಗ್ಗಲಿಗೆ ಬುಟ್ಟಿ ಇಟ್ಟು, ಅದರ ಬಾಗಲಾ ತಗದು, ನೀ ನೆಲದ ಮ್ಯಾಲೆ ಕುಂದ್ರು. ಮೊದಲ ದಿನ ಬುಟ್ಟಿ ಬಿಟ್ಟು ಬರ್ಲಿಕ್ಕಿಲ್ಲ. ಮೂಗು ಅಷ್ಟೇ ಹೊರಗ, ಮೀಸಿ ಮುಂದಕ್ಕ ಮಾಡಿ ಗಾಳಿ ಮೂಸ್ತಾಳ, ಸ್ಕೂಟರ್ ಹೋದ್ರ ಕಿವಿ ಹಿಂದಕ್ಕ ಒತ್ತಿ ಒಳಗ ಸರೀತಾಳ. ಅಷ್ಟಾದ್ರೂ ಸಾಕು, ಐದ್ಹತ್ತು ನಿಮಿಷಕ್ಕ ಒಳಗ ತಗೊಂಡು ಬಾ. ಬುಟ್ಟಿ ಅಲ್ಲೇ ಇದ್ರ ಹೆದರಿದಾಗ ಓಡಾಕ ಅಕೀಗೆ ಒಂದು ಜಾಗಾ ಇರ್ತೈತಿ, ಅದಕ್ಕ ಹೇಳ್ದೆ. ಹಗ್ಗಾನ ಗಿಡಕ್ಕ ಕಟ್ಟಿ ಒಳಗ ಹೋಗಬ್ಯಾಡವ್ವಾ, ಕೈ ಮುಗದು ಹೇಳ್ತೀನಿ. ಗ್ವಾಡಿ ಜಿಗದ್ರ ಆ ಕಡೆ ನೇತಾಡ್ತಾಳ.

ಹೊತ್ತು ಅಂದ್ರ ಮುಂಜಾನೆ. ಬ್ಯಾಸಗ್ಯಾಗ ನಮ್ಮ ವಿಜಯಪುರ, ನಿಮ್ಮ ಬಾಗಲಕೋಟಿ ಎರಡೂ 40 ಡಿಗ್ರಿ ದಾಟ್ತಾವ, ಫರಸಿ ಕಲ್ಲು ಸಂಜಿ ಆದ್ರೂ ಕಾದಿರ್ತೈತಿ. ಅಂಗೈ ಹಿಂದಿನ ಮಗ್ಗಲಾ ಕಲ್ಲಿಗೆ ಹಚ್ಚಿ ಏಳು ಎಣಿಸು. ನಿನಗ ತಡೀಲಿಲ್ಲಂದ್ರ ಅಕಿ ಪಾದಕ್ಕೂ ತಡ್ಯೂದಿಲ್ಲ. ಕತ್ತಲಾದ ಮ್ಯಾಲೆ ಬ್ಯಾಡೇ ಬ್ಯಾಡ. ಹಿತ್ತಲದಾಗ ಕಟಗಿ, ಹಳೇ ಪರಸಿ ಒಟ್ಟಿದ್ರಿ ಅಲ್ಲಾ, ಅದನ್ನ ತಗಸಾಕ ನಿಮ್ಮಪ್ಪಗ ಹೇಳು. ಅದರ ಬುಡಕ ಚೇಳು, ಮಳಿಗಾಲದಾಗ ಹಾವು. ಬೆಕ್ಕು ಹಾವು ಕಂಡ್ರ ಓಡೂದಿಲ್ಲ, ಕೈ ಹಾಕಾಕ ಹೋಗ್ತೈತಿ.

ಗಿಡದ್ದು ಹೇಳ್ಬೇಕು. ದಾಸವಾಳ, ಗುಲಾಬಿ, ಮಲ್ಲಿಗಿಗೆ ಏನೂ ಚಿಂತಿ ಇಲ್ಲ. ಕರಿಕಿ ತಿಂದು ವಾಂತಿ ಮಾಡಿದ್ರೂ ಅಂಜಬ್ಯಾಡ. ಗೇಟಿನ ಹತ್ರ ಇರೂ ಕಣಗಿಲ ಮಾತ್ರ ಎಲಿ, ಹೂವು ಎಲ್ಲಾ ವಿಷ, ಹೃದಯಕ್ಕ ಹೊಡೀತೈತಿ. ಕುಂಡ್ಯಾಗಿನ ಲಿಲ್ಲಿ ಅದಕ್ಕಿಂತಾ ಕೆಟ್ಟದ್ದು. ಅದರ ಪರಾಗ ಮೈಗೆ ಹತ್ತಿ ಅಕಿ ನೆಕ್ಕೊಂಡ್ರೂ ಸಾಕು, ಕಿಡ್ನಿ ಹೋಗ್ತಾವ. ಅದನ್ನ ಇವತ್ತೇ ಯಾರಿಗರ ಬೆಕ್ಕಿಲ್ಲದ ಮನಿಗೆ ಕೊಟ್ಟು ಬಿಡು. ಗ್ವಾಡಿ ಬುಡಕ್ಕ ಕುಪ್ಪಿಗಿಡ ಬೆಳದಿದ್ರ ಕಿತ್ತು ನೋಡು, ಅದರ ಬೇರಿನ ವಾಸನಿಗೆ ಬೆಕ್ಕು ಉಳ್ಳಾಡೂದು ನೋಡಾಕ ಭಾಳ ಛಂದ. ಮಗ್ಗಲ ಮನ್ಯಾವರಿಗೆ ಇಲಿ ಪಾಷಾಣ ಇಡ್ತಾರೇನು ಅಂತ ಒಂದು ಮಾತು ಕೇಳು. ಪಾಷಾಣ ತಿಂದ ಇಲೀನ ಚಿನ್ನಿ ತಿಂದ್ರ ಅದು ಅಕೀಗೂ ಏರ್ತೈತಿ. ನಿಮ್ಮ ಹಿತ್ತಲಕ್ಕ ಗುಬ್ಬಿ ಬರ್ತಾವ ಅಂದಿದ್ದಿ, ಹಗ್ಗ ನಿನ್ನ ಕೈಯಾಗಿದ್ರ ಅವೂ ಉಳೀತಾವ.

ಒಂದು ವೇಳೆ ಕೈ ತಪ್ಪಿ ಓಡಿದ್ಲು ಅಂದ್ರ ಬೆನ್ನು ಹತ್ತಬ್ಯಾಡ. ಮನಿ ಬೆಕ್ಕು ದೂರ ಹೋಗೂದು ಕಮ್ಮಿ, ಆಜೂಬಾಜೂ ಮನ್ಯಾಗಿನ ಕಾರು, ಟಾಕಿ, ಪಾವಟಿಗಿ ಬುಡಕ ಹೊಕ್ಕೊಂಡು ಉಸಿರು ಬಿಗಿ ಹಿಡದು ಕುಂತಿರ್ತಾವ. ಓಣಿ ತಣ್ಣಗಾದ ಮ್ಯಾಲೆ ಬ್ಯಾಟರಿ ಹಿಡಕೊಂಡು ಹುಡುಕು, ಕಣ್ಣು ಹೊಳೀತಾವ.

ಮುಂದ ರೊಕ್ಕ ಕೂಡಿದ್ರ ಹಿತ್ತಲದ ಒಂದು ಮೂಲಿಗೆ ಜಾಳಗಿ ಹೊಡಸ್ರಿ, ಮ್ಯಾಲೂ ಮುಚ್ಚಬೇಕು. ಆಗ ಹಗ್ಗ ಇಲ್ಲದ ಕುಂದ್ರಬಹುದು ಅಕಿ. ಈಗ ಲಸಿಕಿ ಕಾರ್ಡಿನ ಫೋಟೋ ಮತ್ತ ಹಿತ್ತಲದ್ದು ನಾಲ್ಕೂ ಕಡೇದು ಒಂದು ವಿಡಿಯೋ ಹಾಕು. ಗೇಟಿನ ಬುಡಕ ಎಷ್ಟು ಸಂದಿ ಐತಿ ಅನ್ನೂದು ಸರಿಯಾಗಿ ಕಾಣ್ಬೇಕು ನೋಡು.