ನಕಾನೋ ಬ್ರಾಡ್‌ವೇಯಲ್ಲಿ ಫಿಗರ್ ಕೊಂಡವರು ಹೇಳಿ

ಪ್ರಶ್ನೆ
ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಟೋಕಿಯೋಗೆ ಹೋಗ್ತಿದೀನಿ. ಬಿಡುವಿರೋದು ಬುಧವಾರ ಮಾತ್ರ. 1/7 ಸ್ಕೇಲ್‌ನ ಎರಡು ಆನಿಮೆ ಫಿಗರ್ (ಜಪಾನಿ ಕಾರ್ಟೂನ್ ಪಾತ್ರದ ಗೊಂಬೆ, ಪಾತ್ರದ ಏಳನೇ ಒಂದು ಅಳತೆಯದು) ಅಲ್ಲಿನ ನಕಾನೋ ಬ್ರಾಡ್‌ವೇ ಅನ್ನೋ ಅಂಗಡಿ ಸಂಕೀರ್ಣದಲ್ಲಿ ತಗೋಬೇಕು. ಸೆಕೆಂಡ್ ಹ್ಯಾಂಡ್ ನಂಬಬಹುದಾ?

ಸೈತಾಮಾ ಕನ್ನಡಿಗ
ಬುಧವಾರ ಬೇಡವೇ ಬೇಡ. ಸಣ್ಣ ಅಂಗಡಿ ಬಹಳಷ್ಟಕ್ಕೆ ಅವತ್ತೇ ರಜಾ. ಬೇರೆ ದಿನವೂ ಮಧ್ಯಾಹ್ನ 12ಕ್ಕೆ ಮುಂಚೆ ಹೆಚ್ಚಿನ ಶಟರ್ ಎಳೆದೇ ಇರುತ್ತೆ. ಎಸ್ಕಲೇಟರ್ ನೆಲಮಹಡಿಯಿಂದ (ಅವರ ಲೆಕ್ಕಕ್ಕೆ ಒಂದು) ಸೀದಾ ಮೂರಕ್ಕೆ ಹೋಗುತ್ತೆ, ಎರಡಕ್ಕೆ ಮೆಟ್ಟಿಲು ಇಳೀಬೇಕು.

ಬಾಡಿಗೆ ಶೋಕೇಸ್ ನೋಡದೆ ಬರಬೇಡಿ. ಒಂದೊಂದು ಗಾಜಿನ ಗೂಡನ್ನೂ ಒಬ್ಬೊಬ್ಬರು ಬಾಡಿಗೆಗೆ ಹಿಡಿದು ತಾವೇ ಬೆಲೆ ಹಾಕಿರ್ತಾರೆ. ಒಂದೇ ಫಿಗರ್‌ಗೆ ಎದುರುಬದುರು ಗೂಡಲ್ಲಿ 3,000 ಯೆನ್ ವ್ಯತ್ಯಾಸ ಕಂಡಿದೀನಿ. ಗೂಡಿನ ನಂಬರ್ ಕೌಂಟರ್‌ನಲ್ಲಿ ತೋರಿಸಿದ್ರೆ ಬೀಗ ತೆಗೀತಾರೆ. ಚೀಟಿಯಲ್ಲಿ ‘ಮಿಕೈಫೂ’ ಅಂದ್ರೆ ಸೀಲ್ ಒಡೆದಿಲ್ಲ, ‘ಹಾಕೋ ಇತಾಮಿ’ ಅಂದ್ರೆ ಡಬ್ಬಿಗೆ ಪೆಟ್ಟು, ‘ಕೆಪ್ಪಿನ್’ ಅಂದ್ರೆ ಯಾವುದೋ ಭಾಗ ಇಲ್ಲ. ಜಪಾನಿ ಲಿಪಿಯಲ್ಲಿರುತ್ತೆ, ಫೋನಲ್ಲಿ ಇಟ್ಕೊಳ್ಳಿ. ಮಿಕೈಫೂ ಬಿಟ್ಟು ಬೇರೆ ಮುಟ್ಟಬೇಡಿ.

ಹುಬ್ಬಳ್ಳಿ ಮಂದಿ
ಈ ಮಿಕೈಫೂ ಹುಚ್ಚು ಬಿಡ್ರಿ. ಫಿಗರ್ ಮಾಡೋ ಪಿವಿಸಿ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಪ್ಲಾಸ್ಟಿಸೈಜರ್ ಅನ್ನೋ ರಾಸಾಯನಿಕ ಹಾಕಿರ್ತಾರ. ವರ್ಷಗಟ್ಟಲೆ ಮುಚ್ಚಿದ ಡಬ್ಬಿಯೊಳಗ ಅದು ಹೊರಗ ಒಸರಿ ಮೈಯೆಲ್ಲಾ ಜಿಗಿಜಿಗಿ ಆಗ್ತದ. ಸೀಲ್ ಒಡೆದಿದ್ದು 14,000 ಯೆನ್, ಒಡೀದಿದ್ದು 19,000. ನಾ ಒಡೆದಿದ್ದೇ ತಗೊಂಡೆ, ಅದೇ ಖರೆ. ಕಾಲಿನ ಗೂಟ ಮುರಿದೈತೇನು, ಹಿಂಬಡ ವಾಲೈತೇನು ಅಂತ ಕಣ್ಣಾರೆ ನೋಡಬಹುದು. ಜಿಗುಟಿದ್ರ ಉಗುರುಬೆಚ್ಚನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ, ಮೆತ್ತನ ಬ್ರಶ್. ಸ್ಪಿರಿಟ್ ಹಚ್ಚಬ್ಯಾಡ್ರಿ, ಬಣ್ಣ ಕಿತ್ತು ಬರ್ತದ.

ಸೈತಾಮಾ ಕನ್ನಡಿಗ
ತೊಳೆದ್ರೆ ಜಿಗುಟು ಹೋಗುತ್ತೆ ಸರ್, ಸಿಗರೇಟ್ ವಾಸನೆ ಹೋಗಲ್ಲ. ಒಡೆದ ಡಬ್ಬಿಯಲ್ಲಿ ಫಿಗರ್ ಜೊತೆ ಬರೋ ಬದಲಿ ಮುಖ ಇದೆಯಾ ಅಂತ ಎಣಿಸೋರು ಯಾರು? ಕೆಪ್ಪಿನ್ ಚೀಟಿ ಹಾಕೋಕೆ ಮರೆತಿದ್ರೆ 14,000 ಹೋಯ್ತು.

ಹುಬ್ಬಳ್ಳಿ ಮಂದಿ
ಡಬ್ಬಿ ಹಿಂದಿನ ಚಿತ್ರ ನೋಡಿ ಎಣಿಸಾಕ ಎರಡು ನಿಮಿಷ ಸಾಕ್ರಿ. ಎಣಿಸದೆ ದುಡ್ಡು ಕೊಟ್ಟವರದ ತಪ್ಪು.

ಬಸವನಗುಡಿ ಅಕ್ಕ
ಇಬ್ಬರೂ ಸಾಗಿಸೋ ಖರ್ಚಿನ ಮಾತೇ ಎತ್ತಲಿಲ್ಲ. ಖಾಸಗಿ ಕೊರಿಯರ್‌ನವರು ಗಾತ್ರಕ್ಕೆ ಹಣ ಹಾಕ್ತಾರೆ: 35×30×25 ಸೆಂ.ಮೀ. ಡಬ್ಬಿಯ ಅಳತೆ ಗುಣಿಸಿ 5,000ದಿಂದ ಭಾಗಿಸಿದ್ರೆ ಅವರ ಲೆಕ್ಕಕ್ಕೆ 5.25 ಕೆಜಿ, ಒಳಗಿರೋದು ಒಂದೂವರೆ ಕೆಜಿಯೂ ಇಲ್ಲ! ಆಟಿಕೆ ಅಂತ ಬರೆದ್ರೆ ಇಲ್ಲಿ ಭಾರತದಲ್ಲಿ ಮೂಲ ಆಮದು ಸುಂಕವೇ 70%, 2020ರ ಬಜೆಟ್‌ಗೆ ಮುಂಚೆ 20 ಇತ್ತು. ಕೈಯಲ್ಲೇ ತನ್ನಿ. ಫಿಗರ್‌ನ ಪ್ಲಾಸ್ಟಿಕ್ ಅಚ್ಚಿನಲ್ಲೇ ಬಿಟ್ಟು ಬಟ್ಟೆ ಸುತ್ತಿ, ಡಬ್ಬಿಯನ್ನ ಚಪ್ಪಟೆ ಮಡಚಿ ಸೂಟ್‌ಕೇಸ್ ತಳಕ್ಕೆ ಹಾಕಿ. ಪಾಸ್‌ಪೋರ್ಟ್ ಮರೀಬೇಡಿ, ಟ್ಯಾಕ್ಸ್-ಫ್ರೀ ಬೋರ್ಡಿರೋ ಅಂಗಡಿಯಲ್ಲಿ ಒಂದೇ ದಿನ 5,000 ಯೆನ್ ದಾಟಿದ್ರೆ 10% ಉಳಿಯುತ್ತೆ. 2026ರ ನವೆಂಬರ್ 1ರಿಂದ ಮಾತ್ರ ಮೊದಲು ಪೂರ್ತಿ ಕೊಟ್ಟು, ದೇಶ ಬಿಡುವಾಗ ತೋರಿಸಿ ವಾಪಸ್ ಪಡೀಬೇಕು.

ಬುಧವಾರವೇ ಅಂದ್ರೆ ಟೋಕಿಯೋದಲ್ಲೇ ಅಕಿಹಬಾರದ ರೇಡಿಯೋ ಕೈಕಾನ್ ಅನ್ನೋ ಅಂಗಡಿಗಳ ಕಟ್ಟಡಕ್ಕೆ ಹೋಗಿ. ಹತ್ತು ಮಹಡಿ, ನಕಾನೋ ಹಾಗೆ ಬುಧವಾರದ ಕಾಟ ಇಲ್ಲ.

ಸೈತಾಮಾ ಕನ್ನಡಿಗ
ಡಬ್ಬಿ ಮಡಚೋದಾ ಅಕ್ಕಾ! ಮಡಿಕೆ ಬಿದ್ದ ಡಬ್ಬಿಗೆ ಮಾರುವಾಗ ಅದೇ ‘ಹಾಕೋ ಇತಾಮಿ’ ಚೀಟಿ ಬೀಳುತ್ತೆ.

ಬಸವನಗುಡಿ ಅಕ್ಕ
ಅವರು ಮಾರೋಕೆ ಅಂತ ಎಲ್ಲಿ ಹೇಳಿದ್ರು?