ಮರು: ‘ನಿಪ್ಪಲ್ ಟ್ಯಾಟೂ’ಗೆ ಕನ್ನಡ ಪದ ಬೇಕು (ತುರ್ತು)

> ದಾವಣಗೆರೆಯ ಒಂದು ಆಸ್ಪತ್ರೆಗೆ ಕರಪತ್ರ ಅನುವಾದ ಮಾಡುತ್ತಿದ್ದೇನೆ. ಕ್ಯಾನ್ಸರ್‌ನಿಂದ ಸ್ತನ ತೆಗೆದು, ಮತ್ತೆ ಕಟ್ಟಿದ ಮೇಲೆ ಹಾಕುವ ಟ್ಯಾಟೂಗೆ ಏನನ್ನಬೇಕು? ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗಬೇಕು.

ಮೇಡಂ, ‘ಮೊಲೆತೊಟ್ಟಿನ ಹಚ್ಚೆ’ ಅಂತ ಬರೆದು ಕಳಿಸಿಬಿಡಿ. ಉಳಿದದ್ದನ್ನು ಆಮೇಲೆ ಓದಿದರೂ ಆಯಿತು.

> ‘ಚೂಚುಕ ವರ್ಣಾಂಕನ’ ಇರಲಿ. ಶಾಸ್ತ್ರೀಯ, ಮುಜುಗರವೂ ಇಲ್ಲ.

ಬೇಡವೇ ಬೇಡ. ನಮ್ಮ ಅಕ್ಕನಿಗೆ ಇದೇ ಆಪರೇಷನ್ ಆಯಿತು. ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ‘ಸ್ತನಾಗ್ರ ವರ್ಣಾಂಕನ’ ಅಂತಿತ್ತು. ಅಕ್ಕ ಅದನ್ನು ಇನ್ನೊಂದು ಸ್ಕ್ಯಾನಿಂಗ್ ಅಂದುಕೊಂಡಳು. ಸ್ಕ್ಯಾನಿಂಗ್ ಸಾಕಾಗಿಹೋಗಿತ್ತು ಅವಳಿಗೆ. ಹಾಳೆಯನ್ನು ಮಡಚಿ ಸೀರೆಗಳ ಕೆಳಗೆ ಇಟ್ಟಳು. ಚಿತ್ರದುರ್ಗಕ್ಕೆ ನಮ್ಮನೆಗೆ ಬಂದಾಗ ತೋರಿಸಿದಳು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ‘ಹಚ್ಚೆ ಕಣಕ್ಕ, ಮೊಲೆತೊಟ್ಟಿನ ಥರ ಕಾಣೋ ಹಾಗೆ ಹಾಕ್ತಾರೆ’ ಅಂದೆ. ಒಂದೇ ಮಾತಿಗೆ ಅರ್ಥ ಆಯಿತು. ಮುಜುಗರ ಯಾರಿಗೆ ಸ್ವಾಮಿ? ಹಟ್ಟಿಯ ಮುಂದೆ ಕೂತ ಅಜ್ಜಿ ‘ಮಗೀಗೆ ಮೊಲೆ ಕೊಡವ್ವ’ ಅಂತ ಬೀದಿಗೆ ಕೇಳುವಂತೆ ಹೇಳುತ್ತಾಳೆ. ಅದು ಅಶ್ಲೀಲ ಅಂತ ಯಾರಿಗೂ ಅನಿಸಿಲ್ಲ.

> ಹಚ್ಚೆ ಅಂದರೆ ಪಚ್ಚೆ, ಹಸಿರು. ಕಂದು ಬಣ್ಣಕ್ಕೆ ಹಚ್ಚೆ ಅನ್ನುವುದು ತಪ್ಪು.

ನಿರುಕ್ತಿ ಸರಿ, ತೀರ್ಮಾನ ತಪ್ಪು. ಹಿಂದೊಮ್ಮೆ ಇಲ್ಲಿ ‘ಹಚ್ಚು’ವಿನಿಂದ ಹಚ್ಚೆ ಬಂತು ಅಂತ ಯಾರೋ ಬರೆದಿದ್ದರು, ಅದನ್ನೂ ಬಿಡಿ. ತಮಿಳಿನ ‘ಪಚ್ಚೈ ಕುತ್ತುದಲ್’, ತೆಲುಗಿನ ‘ಪಚ್ಚಬೊಟ್ಟು’ ನೋಡಿದರೆ ಸಾಕು. ನಮ್ಮಲ್ಲಿ ಪ ಹೋಗಿ ಹ ಬಂದಿದೆ, ‘ಹಚ್ಚ ಹಸಿರು’ ಅನ್ನುವಾಗಲೂ ಅದೇ ಹಚ್ಚ. ನಮ್ಮಜ್ಜಿಯ ಮುಂಗೈಯಲ್ಲಿ ತುಳಸಿಕಟ್ಟೆ ಇತ್ತು. ಹಾಕಿದ್ದು ಕಪ್ಪು ಮಸಿ. ಚರ್ಮದೊಳಗೆ ಇಳಿದ ಮೇಲೆ ಹಸಿರಾಗಿ ಕಾಣುತ್ತಿತ್ತು. ಹೆಸರು ಬಂದದ್ದು ಹಾಗೆ. ಆದರೆ ಎಣ್ಣೆ ಅಂದರೆ ಎಳ್ಳಿನ ನೆಯ್ ಅಲ್ವಾ? ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಅನ್ನುವಾಗ ಯಾರು ಎಳ್ಳು ಹುಡುಕುತ್ತಾರೆ? ಸೂಜಿಯಿಂದ ಚುಚ್ಚಿ ಚರ್ಮದೊಳಗೆ ಬಣ್ಣ ಇಳಿಸಿದರೆ ಅದು ಹಚ್ಚೆ. ‘ಲೇಪನ’ ಅಂತ ಬರೆದವರಿಗೂ ಇದೇ ಉತ್ತರ, ಲೇಪ ಮೇಲೆ ಹಚ್ಚುವುದು, ತೊಳೆದರೆ ಹೋಗುತ್ತದೆ.

> ನಿಪ್ಪಲ್, ಟ್ಯಾಟೂ ಎರಡೂ ಎಲ್ಲರಿಗೂ ಗೊತ್ತು. ಸುಮ್ನೆ ಯಾಕೆ ಹೊಸ ಪದ?

ಹೊಸದು ಯಾವುದು? ಎರಡೂ ನಮ್ಮ ಮನೆಯ ಪದಗಳೇ. ಮೆಡಿಕಲ್ ಶಾಪಿನಲ್ಲಿ ನಿಪ್ಪಲ್ ಕೇಳಿದರೆ ಮಗುವಿನ ಹಾಲಿನ ಬಾಟಲಿಯ ರಬ್ಬರ್ ಕೊಡುತ್ತಾರೆ. ಟ್ಯಾಟೂ ಇಂಗ್ಲಿಷರದ್ದೂ ಅಲ್ಲ. 1769ರಲ್ಲಿ ಕ್ಯಾಪ್ಟನ್ ಕುಕ್ ಟಹೀಟಿಗೆ ಹೋದಾಗ ಅಲ್ಲಿನವರ ‘ಟಟೌ’ ಹಡಗು ಹತ್ತಿ ಬಂತು. ಅವರು ತಮ್ಮಲ್ಲಿಲ್ಲದ ಪದವನ್ನು ತಂದುಕೊಂಡರು, ಸರಿಯೇ. ನಮ್ಮಲ್ಲಿ ಇರುವಾಗ ಯಾಕೆ ತರಬೇಕು? ಕ್ಯಾನ್ಸರ್ ಕ್ಯಾನ್ಸರ್ ಆಗಿಯೇ ಇರಲಿ, ನನ್ನ ತಕರಾರಿಲ್ಲ. ಹುಡುಗಿಯರಿಗೆ ಅನುಕೂಲ ಅಂತ ಒಳಗೆ ಒಂದು ಸಲ ‘ಟ್ಯಾಟೂ’ ಅಂತಲೂ ಹಾಕಿ. ತಲೆಬರಹದಲ್ಲಿ ಮಾತ್ರ ಬೇಡ.

ಮೇಡಂ, ಇನ್ನೊಂದು. ‘ತ್ರೀಡಿ’ಗೆ ‘ಉಬ್ಬು ಹಚ್ಚೆ’ ಅಂತ ಬರೆದಿದ್ದೀರಿ. ಬದಲಿಸಿ. ಅಕ್ಕ ಕನ್ನಡಿ ಮುಂದೆ ನಿಂತು ಬೆರಳಿಟ್ಟು ನೋಡಿದಳು. ಕಣ್ಣಿಗೆ ಉಬ್ಬಿದೆ, ಬೆರಳಿಗೆ ಸಪಾಟು. ನೆರಳು-ಬೆಳಕು ಕೂಡಿಸಿ ಬಣ್ಣ ಹಾಕುವುದರಿಂದ ಹಾಗೆ. ‘ಉಬ್ಬಿದಂತೆ ಕಾಣುವ ಹಚ್ಚೆ’ ಅನ್ನಿ. ಇಲ್ಲದಿದ್ದರೆ ಆಸೆ ಇಟ್ಟುಕೊಂಡು ಬಂದವರಿಗೆ ನೋವಾಗುತ್ತದೆ. ‘ಟಚಪ್’ಗೆ ‘ತಿದ್ದುವುದು’ ಸಾಕು. ತೊಟ್ಟಿನ ಸುತ್ತಲಿನದಕ್ಕೆ ‘ಸ್ತನಮಂಡಲ’ ಬೇಡ, ‘ಸುತ್ತಲಿನ ಕಂದು ಭಾಗ’ ಅಂದರೆ ತಿಳಿಯುತ್ತದೆ.

ಹೀಗೆ ಬರೆದರೆ ಹೇಗೆ:

‘ಗಾಯ ಪೂರ್ತಿ ಮಾಯ್ದು ಕೆಲವು ತಿಂಗಳಾದ ಮೇಲೆ ಮೊಲೆತೊಟ್ಟಿನ ಹಚ್ಚೆ ಹಾಕುತ್ತಾರೆ. ಇನ್ನೊಂದು ಸ್ತನದ ಬಣ್ಣ ನೋಡಿ ಅದಕ್ಕೆ ಹೊಂದಿಸುತ್ತಾರೆ. ವರ್ಷಗಳು ಕಳೆದಂತೆ ಬಣ್ಣ ಮಾಸಬಹುದು, ಆಗ ತಿದ್ದಿಸಿಕೊಳ್ಳಬಹುದು.’

ಕರಡು ಕಳಿಸಿದರೆ ಇವತ್ತು ರಾತ್ರಿಯೇ ಅಕ್ಕನ ಕೈಲಿ ಓದಿಸುತ್ತೇನೆ. ಅವಳು ಎಲ್ಲಿ ತಡವರಿಸಿದಳು ಅಂತ ಗುರುತು ಹಾಕಿ ಬೆಳಗ್ಗೆ ಕಳಿಸುತ್ತೇನೆ.