2014ರ ಮ್ಯಾಕ್‌ಬುಕ್ ಏರ್: ಸೊನೋಮಾ ಅಪ್‌ಡೇಟ್ ಆದಮೇಲೆ ವೈಫೈ ಹೋಯ್ತು, ಯೂನಿವರ್ಸಲ್ ಕಂಟ್ರೋಲ್ ಕೂಡ ಬರುತ್ತಿಲ್ಲ

ಪ್ರಶ್ನೆ (ಶಿವಮೊಗ್ಗದಿಂದ)

ಎಲ್ಲರಿಗೂ ನಮಸ್ಕಾರ. ನನ್ನದು 2014ರ 13 ಇಂಚಿನ ಮ್ಯಾಕ್‌ಬುಕ್ ಏರ್, 8 ಜಿಬಿ ರ‍್ಯಾಮ್. ಆ್ಯಪಲ್ ಇದಕ್ಕೆ ಮ್ಯಾಕ್‌ಓಎಸ್‌ನ ಬಿಗ್ ಸರ್ ಆವೃತ್ತಿವರೆಗೆ ಮಾತ್ರ ಕೊಟ್ಟಿದೆ. ಹಳೆಯ ಮ್ಯಾಕ್‌ಗೆ ಹೊಸ ಮ್ಯಾಕ್‌ಓಎಸ್ ಹಾಕಿಕೊಡುವ ಓಪನ್‌ಕೋರ್ ಲೆಗಸಿ ಪ್ಯಾಚರ್ ಬಳಸಿ, ಅದಕ್ಕಿಂತ ಹೊಸದಾದ ಸೊನೋಮಾ ಹಾಕಿಕೊಂಡು ಕೆಲವು ತಿಂಗಳಾಯಿತು. ಇಷ್ಟು ದಿನ ಚೆನ್ನಾಗಿಯೇ ನಡೆಯುತ್ತಿತ್ತು.

ನಾನು ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ಪರದೆ 1440×900. ಹಸ್ತಪ್ರತಿಯ ಸ್ಕ್ಯಾನ್ ಒಂದು ಕಡೆ, ಟೈಪ್ ಆದ ಪುಟ ಇನ್ನೊಂದು ಕಡೆ ಇಟ್ಟರೆ ಒತ್ತಕ್ಷರಗಳು ಚುಕ್ಕೆಯ ಹಾಗೆ ಕಾಣುತ್ತವೆ. 'ಸ್ತ್ರೀ' ಇದೆಯೋ 'ಸ್ತೀ' ಆಗಿದೆಯೋ ಗೊತ್ತಾಗಲ್ಲ. ಅದಕ್ಕೇ 9ನೇ ತಲೆಮಾರಿನ ಐಪ್ಯಾಡ್ ಅನ್ನು ಸೈಡ್‌ಕಾರ್ ಮೂಲಕ ಎರಡನೇ ಪರದೆ ಮಾಡಿಕೊಳ್ಳಬೇಕು, ಇಲ್ಲವೇ ಮ್ಯಾಕ್‌ನ ಮೌಸ್, ಕೀಬೋರ್ಡ್‌ನಿಂದಲೇ ಐಪ್ಯಾಡ್ ನಡೆಸುವ ಯೂನಿವರ್ಸಲ್ ಕಂಟ್ರೋಲ್ ಆದರೂ ಬೇಕು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್‌ನಲ್ಲಿ ಐಪ್ಯಾಡಿನ ಹೆಸರೇ ಬರುತ್ತಿಲ್ಲ. ಪ್ಯಾಚರ್‌ನ ಸೆಟ್ಟಿಂಗ್‌ನಲ್ಲಿ, ಇಂಥ ಸೌಲಭ್ಯಗಳನ್ನು ಹಳೆಯ ಮ್ಯಾಕ್‌ನಲ್ಲಿ ತೆರೆಯುವ ಫೀಚರ್‌ಅನ್‌ಲಾಕ್ ಅನ್ನು 'ಎನೇಬಲ್ಡ್' ಮಾಡಿ ರೀಸ್ಟಾರ್ಟ್ ಕೂಡ ಮಾಡಿದೆ.

ಇದರ ಮಧ್ಯೆ ಭಾನುವಾರ ಸೊನೋಮಾದ ಸಣ್ಣ ಅಪ್‌ಡೇಟ್ ಒಂದು ಬಂತು, ಹಾಕಿದೆ. ಆವಾಗಿನಿಂದ ವೈಫೈ ಇಲ್ಲ. ಕಿಟಕಿ ಎಳೆದರೆ ತಡೆದು ತಡೆದು ಚಲಿಸುತ್ತೆ. ಈ ವಾರ ಒಂದು ಪುಸ್ತಕ ಮುಗಿಸಿಕೊಡಬೇಕು. ರಿಪೇರಿ ಅಂಗಡಿಯಲ್ಲಿ ಕೇಳಿದರೆ ಹೊಸದು ತಗೊಳ್ಳಿ ಅಂದರು. ದಯವಿಟ್ಟು ಯಾರಾದರೂ ದಾರಿ ಹೇಳಿ.

ಉತ್ತರ (ಮೈಸೂರಿನಿಂದ)

ಮೇಡಂ, ಗಾಬರಿ ಆಗಬೇಡಿ. ಯಂತ್ರಕ್ಕೆ ಏನೂ ಆಗಿಲ್ಲ. ನಿಮ್ಮದು ಎರಡು ಬೇರೆ ಬೇರೆ ಸಮಸ್ಯೆ. ಎರಡನ್ನೂ ಒಂದೇ ಅಂದುಕೊಂಡರೆ ದಿನವಿಡೀ ಹುಡುಕಿದರೂ ಸಿಗಲ್ಲ.

ಈ ಪ್ಯಾಚರ್ ಮಾಡುವ ಕೆಲಸದಲ್ಲಿ ಎರಡು ಭಾಗ ಇದೆ. ಮೊದಲನೆಯದು ಓಪನ್‌ಕೋರ್. ಅದು ಡಿಸ್ಕ್‌ನ ಇಎಫ್‌ಐ ಅನ್ನೋ ಸಣ್ಣ ಪಾರ್ಟಿಷನ್‌ನಲ್ಲಿ ಕೂತಿರುತ್ತೆ, ಮ್ಯಾಕ್‌ಓಎಸ್‌ಗಿಂತ ಮುಂಚೆ ಏಳುತ್ತೆ, ಮೆಮೊರಿಯಲ್ಲಿ ಮಾತ್ರ ಬದಲಾವಣೆ ಮಾಡುತ್ತೆ. ಎರಡನೆಯದು ರೂಟ್ ಪ್ಯಾಚ್. ಅದು ಸಿಸ್ಟಂ ಫೈಲ್‌ಗಳ ಜಾಗದಲ್ಲೇ ಹಳೆಯ ಡ್ರೈವರ್‌ಗಳನ್ನು ತಂದು ಇಡುತ್ತೆ. ನಿಮ್ಮ ಏರ್‌ನಲ್ಲಿರುವ ಇಂಟೆಲ್ ಎಚ್‌ಡಿ 5000 ಗ್ರಾಫಿಕ್ಸ್ ಡ್ರೈವರ್ ಸೊನೋಮಾದ ಹಿಂದಿನ ಆವೃತ್ತಿ ವೆಂಚುರಾದಲ್ಲೇ ಹೋಯಿತು. ಆ ಕಾಲದ ಬ್ರಾಡ್‌ಕಾಮ್ ವೈಫೈ ಸೊನೋಮಾದಲ್ಲಿ ಹೋಯಿತು. ಎರಡನ್ನೂ ವಾಪಸ್ ತಂದಿದ್ದು ರೂಟ್ ಪ್ಯಾಚ್.

ಬಿಗ್ ಸರ್‌ನಿಂದ ಈಚೆಗೆ ಸಿಸ್ಟಂ ಫೈಲ್‌ಗಳು ಸೀಲ್ ಆದ ಪ್ರತ್ಯೇಕ ವಾಲ್ಯೂಮ್‌ನಲ್ಲಿ ಇರುತ್ತವೆ. ಅಪ್‌ಡೇಟ್ ಬಂದಾಗ ಆ ವಾಲ್ಯೂಮೇ ಹೊಸದಾಗಿ ಕೂರುತ್ತೆ, ನಾವು ಇಟ್ಟ ಡ್ರೈವರ್‌ಗಳು ಅಳಿಸಿಹೋಗುತ್ತವೆ. ಸಣ್ಣ ಅಪ್‌ಡೇಟ್ ಆದರೂ ಅಷ್ಟೇ. ಹಾಗಾಗಿ ವೈಫೈ ಮತ್ತು ಗ್ರಾಫಿಕ್ಸ್ ಎರಡೂ ಒಟ್ಟಿಗೆ ಕೈಕೊಟ್ಟಿವೆ.

ಪ್ಯಾಚರ್ ತೆಗೆದು 'ಪೋಸ್ಟ್ ಇನ್‌ಸ್ಟಾಲ್ ರೂಟ್ ಪ್ಯಾಚ್' ಒತ್ತಿ, 'ಸ್ಟಾರ್ಟ್ ರೂಟ್ ಪ್ಯಾಚಿಂಗ್' ಕೊಡಿ, ರೀಸ್ಟಾರ್ಟ್ ಮಾಡಿ. ಏರ್‌ನಲ್ಲಿ ಈಥರ್ನೆಟ್ ಪೋರ್ಟ್ ಇಲ್ಲ. ಮಧ್ಯದಲ್ಲಿ ಪ್ಯಾಚರ್ ನೆಟ್ ಕೇಳಿದರೆ ಐಫೋನ್ ಅನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಹಾಟ್‌ಸ್ಪಾಟ್ ಆನ್ ಮಾಡಿ. ಆ್ಯಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ ಅನ್ನು ಮ್ಯಾಕ್ ಸಾಮಾನ್ಯವಾಗಿ ಗುರುತಿಸಲ್ಲ, ಅದರ ಹಿಂದೆ ಸಮಯ ಕಳೆಯಬೇಡಿ.

ಇನ್ನು ಫೀಚರ್‌ಅನ್‌ಲಾಕ್. ಯೂನಿವರ್ಸಲ್ ಕಂಟ್ರೋಲ್ ಯಾವ ಮಾದರಿಗಳಿಗೆ ಅನ್ನೋದು ಮ್ಯಾಕ್‌ಓಎಸ್ ಒಳಗೇ ತೀರ್ಮಾನ ಆಗಿರುತ್ತೆ. ಏರ್ ಆದರೆ 2018 ಅಥವಾ ಅದಕ್ಕಿಂತ ಹೊಸದಿರಬೇಕು. ಫೀಚರ್‌ಅನ್‌ಲಾಕ್ ಆ ತಡೆಯನ್ನು ಬೂಟ್ ಆಗುವಾಗ ಮೆಮೊರಿಯಲ್ಲೇ ತೆಗೆಯುತ್ತೆ. ಅಂದರೆ ಇದು ಓಪನ್‌ಕೋರ್ ಭಾಗದ ಕೆಲಸ, ರೂಟ್ ಪ್ಯಾಚ್‌ದಲ್ಲ. ಸೆಟ್ಟಿಂಗ್ ಬದಲಿಸಿ ಸುಮ್ನೆ ರೀಸ್ಟಾರ್ಟ್ ಮಾಡಿದರೆ ಏನೂ ಆಗಲ್ಲ. 'ಬಿಲ್ಡ್ ಆ್ಯಂಡ್ ಇನ್‌ಸ್ಟಾಲ್ ಓಪನ್‌ಕೋರ್' ಒತ್ತಿ, ಅದನ್ನು ಮತ್ತೆ ಡಿಸ್ಕ್‌ಗೆ ಬರೆಯಬೇಕು.

ಪ್ರಶ್ನೆ ಕೇಳಿದವರು

ಸರ್, ತುಂಬಾ ಥ್ಯಾಂಕ್ಸ್. ರೂಟ್ ಪ್ಯಾಚ್ ಆಯಿತು. ವೈಫೈ ಬಂತು, ಕಿಟಕಿಗಳೂ ಮೊದಲಿನ ಹಾಗೆ ಆಗಿವೆ. ಅಪ್‌ಡೇಟ್ ಆದ ಕೂಡಲೇ ಪ್ಯಾಚರ್ ತಾನೇ ಒಂದು ಕಿಟಕಿ ತೋರಿಸಿತ್ತು, ನಾನು ಓದದೆ ಮುಚ್ಚಿದ್ದೆ ಅಂತ ಈಗ ನೆನಪಾಯಿತು.

ಓಪನ್‌ಕೋರ್ ಕೂಡ ಮತ್ತೆ ಬಿಲ್ಡ್ ಮಾಡಿದೆ. ಒಳಗಿನ ಡಿಸ್ಕ್ ಆರಿಸಿದೆ, ಯಶಸ್ವಿ ಅಂತ ಬಂತು. ಆದರೂ ಐಪ್ಯಾಡ್ ಕಾಣುತ್ತಿಲ್ಲ.

ಉತ್ತರ (ಹುಬ್ಬಳ್ಳಿಯಿಂದ)

ಮಧ್ಯೆ ಬರುತ್ತಿದ್ದೇನೆ, ಒಂದು ಮಾತು ಕೇಳಬೇಕಿತ್ತು. ಸೊನೋಮಾ ಹಾಕುವಾಗ ಬಳಸಿದ ಪೆನ್‌ಡ್ರೈವ್ ಈಗ ಎಲ್ಲಿದೆ? ಅದನ್ನು ತೆಗೆದು ಆನ್ ಮಾಡಿದರೆ ಏನಾಗುತ್ತೆ?

ಪ್ರಶ್ನೆ ಕೇಳಿದವರು

ಅದು ಅವತ್ತಿನಿಂದ ಎಡಗಡೆಯ ಪೋರ್ಟ್‌ನಲ್ಲೇ ಇದೆ. ತೆಗೆದರೆ ಅಡ್ಡಗೆರೆ ಎಳೆದ ವೃತ್ತದ ಗುರುತು ಬಂದು ನಿಂತುಬಿಡುತ್ತೆ. ಅದು ಹಾಗೇ ಇರಬೇಕು ಅಂದುಕೊಂಡಿದ್ದೆ.

ಉತ್ತರ (ಹುಬ್ಬಳ್ಳಿಯಿಂದ)

ಸಿಕ್ತು ನೋಡ್ರಿ. ನೀವು ಹೊಸ ಓಪನ್‌ಕೋರ್ ಬರೆದದ್ದು ಒಳಗಿನ ಡಿಸ್ಕ್‌ಗೆ. ಯಂತ್ರ ಏಳುತ್ತಿರುವುದು ಪೆನ್‌ಡ್ರೈವ್‌ನ ಹಳೆಯ ಓಪನ್‌ಕೋರ್‌ನಿಂದ. ಅದರಲ್ಲಿ ಫೀಚರ್‌ಅನ್‌ಲಾಕ್ ಇಲ್ಲವೇ ಇಲ್ಲ. ಹೊಸ ಆವೃತ್ತಿಗಳಲ್ಲಿ ಅದು ತಾನಾಗಿ ಆನ್ ಇರಲ್ಲ. ಪೆನ್‌ಡ್ರೈವ್ ಕಿತ್ತಾಗ ಯಂತ್ರ ಓಪನ್‌ಕೋರ್ ದಾಟಿ ನೇರವಾಗಿ ಮ್ಯಾಕ್‌ಓಎಸ್‌ಗೆ ಹೋಗುತ್ತೆ, ಈ ಮಾದರಿ ನಂದಲ್ಲ ಅಂತ ಅದು ನಿಲ್ಲಿಸುತ್ತೆ. ಆ ವೃತ್ತದ ಅರ್ಥ ಇಷ್ಟೇ.

ಹೀಗೆ ಮಾಡಿ. ಆಫ್ ಮಾಡಿ ಪೆನ್‌ಡ್ರೈವ್ ತೆಗೆಯಿರಿ. ಆಪ್ಷನ್ ಕೀ ಒತ್ತಿ ಹಿಡಿದು ಆನ್ ಮಾಡಿ. ಡಿಸ್ಕ್‌ಗಳ ಸಾಲಿನಲ್ಲಿ 'ಇಎಫ್‌ಐ ಬೂಟ್' ಬರುತ್ತೆ. ಅದರ ಮೇಲೆ ನಿಂತು ಕಂಟ್ರೋಲ್ ಕೀ ಒತ್ತಿ. ಕೆಳಗಿನ ಬಾಣ ಸುತ್ತು ಬಾಣ ಆಗುತ್ತೆ. ಕಂಟ್ರೋಲ್ ಬಿಡದೆ ಎಂಟರ್ ಒತ್ತಿ. ಇನ್ನು ಮುಂದೆ ಅದೇ ಡೀಫಾಲ್ಟ್. ಎಂದಾದರೂ ಎನ್‌ವಿರ‍್ಯಾಮ್ (ಇಂಥ ಆಯ್ಕೆಗಳನ್ನು ನೆನಪಿಡುವ ಸಣ್ಣ ಮೆಮೊರಿ) ರೀಸೆಟ್ ಮಾಡಿದರೆ ಈ ಆಯ್ಕೆ ಅಳಿಸಿಹೋಗುತ್ತೆ, ಆಗ ಮತ್ತೆ ಇದನ್ನೇ ಮಾಡಿ.

ಇನ್ನೊಂದು ವಿಚಾರ. ನಿಮ್ಮ ಕೆಲಸಕ್ಕೆ ಸೈಡ್‌ಕಾರ್ ಬೇಡ ಅಂತ ನನ್ನ ಅಭಿಪ್ರಾಯ. ಸೈಡ್‌ಕಾರ್‌ನಲ್ಲಿ ಮ್ಯಾಕ್ ತನ್ನ ಪರದೆಯನ್ನು ವಿಡಿಯೋ ಮಾಡಿ ಕಳಿಸಬೇಕು. 2014ರ ಪ್ರೊಸೆಸರ್‌ಗೆ ಅದು ಭಾರ, ಅಕ್ಷರದ ಅಂಚು ಮಸುಕಾಗಬಹುದು. ಯೂನಿವರ್ಸಲ್ ಕಂಟ್ರೋಲ್‌ನಲ್ಲಿ ವಿಡಿಯೋ ಇಲ್ಲ. ಮೌಸ್, ಕೀಬೋರ್ಡ್ ಮಾತ್ರ ಆಚೆ ದಾಟುತ್ತವೆ. ಸ್ಕ್ಯಾನ್ ಅನ್ನು ಐಪ್ಯಾಡ್ ತನ್ನ ಪರದೆಯಲ್ಲಿ ತಾನೇ ತೋರಿಸುತ್ತೆ. ಕರಡು ತಿದ್ದೋರಿಗೆ ಅದೇ ಬೇಕಾದ್ದು, ಅಲ್ವಾ?

ಐಪ್ಯಾಡ್‌ನಲ್ಲಿ ಐಪ್ಯಾಡ್‌ಓಎಸ್ 15.4 ಅಥವಾ ಮುಂದಿನದು ಇರಲಿ. ಎರಡರಲ್ಲೂ ಒಂದೇ ಆ್ಯಪಲ್ ಐಡಿ, ವೈಫೈ, ಬ್ಲೂಟೂತ್, ಹ್ಯಾಂಡ್‌ಆಫ್ ಆನ್ ಇರಲಿ. ಐಪ್ಯಾಡ್‌ನ ಸೆಟ್ಟಿಂಗ್ಸ್, ಜನರಲ್ ಒಳಗೆ 'ಕರ್ಸರ್ ಆ್ಯಂಡ್ ಕೀಬೋರ್ಡ್' ಅಂತ ಒಂದು ಸ್ವಿಚ್ ಇದೆ, ಅದನ್ನೂ ನೋಡಿ. ಬಹಳ ಜನ ಅಲ್ಲೇ ಎಡವುತ್ತಾರೆ.

ಉತ್ತರ (ಮೈಸೂರಿನಿಂದ)

ಪೆನ್‌ಡ್ರೈವ್ ವಿಷಯ ನನಗೆ ಹೊಳೆದಿರಲಿಲ್ಲ, ಚೆನ್ನಾಗಿ ಹಿಡಿದಿರಿ.

ಮೇಡಂ, ಎರಡು ಎಚ್ಚರಿಕೆ ಹೇಳಲೇಬೇಕು. ರೂಟ್ ಪ್ಯಾಚ್ ಹಾಕಲು ಸಿಸ್ಟಂ ಸುರಕ್ಷತೆಯ ಬೀಗ ಸ್ವಲ್ಪ ಸಡಿಲ ಮಾಡಬೇಕಾಗುತ್ತೆ, ಸೀಲ್ ಕೂಡ ಒಡೆಯುತ್ತೆ. ಹಾಗಾಗಿ ಎಲ್ಲಿಂದಲೋ ಬಂದ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಈ ಯಂತ್ರಕ್ಕೆ ಖಂಡಿತ ಹಾಕಬೇಡಿ. ಎರಡನೆಯದು, ತಾನಾಗಿ ಅಪ್‌ಡೇಟ್ ಆಗುವುದನ್ನು ಆಫ್ ಮಾಡಿ. ಸೀಲ್ ಒಡೆದಿರುವುದರಿಂದ ಸಣ್ಣ ಅಪ್‌ಡೇಟ್‌ಗೂ ಪೂರ್ತಿ ಇನ್‌ಸ್ಟಾಲರ್ ಇಳಿಯುತ್ತೆ, 12 ಜಿಬಿಗೂ ಜಾಸ್ತಿ. ಮೊದಲು ಟೈಮ್ ಮಷಿನ್ ಬ್ಯಾಕಪ್, ಆಮೇಲೆ ಪ್ಯಾಚರ್‌ನ ಹೊಸ ಆವೃತ್ತಿ, ಓಪನ್‌ಕೋರ್ ಬಿಲ್ಡ್, ಕೊನೆಗೆ ಮ್ಯಾಕ್‌ಓಎಸ್ ಅಪ್‌ಡೇಟ್. ಈ ಕ್ರಮ ತಪ್ಪಿಸಬೇಡಿ. ಮ್ಯಾಕ್‌ಓಎಸ್‌ನ ಮುಂದಿನ ಆವೃತ್ತಿ 'ತಾಹೋ ಬಂದಿದೆ' ಅಂತ ತೋರಿಸಿದರೆ ಒತ್ತಬೇಡಿ. ನಾನು ಬಳಸುವ ಪ್ಯಾಚರ್ 2.4 ಅದಕ್ಕಿಂತ ಹಿಂದಿನ ಸೆಕ್ವೊಯಾವರೆಗೆ ಮಾತ್ರ.

ಪ್ರಶ್ನೆ ಕೇಳಿದವರು

ಆಯ್ತು! ಪೆನ್‌ಡ್ರೈವ್ ಡ್ರಾಯರ್ ಸೇರಿತು. ಮೌಸ್ ಬಾಣವನ್ನು ಪರದೆಯ ಬಲ ಅಂಚಿಗೆ ಒತ್ತಿದೆ. ಐಪ್ಯಾಡ್‌ನ ಎಡ ಅಂಚಿನಲ್ಲಿ ಗೋಡೆ ಉಬ್ಬಿದ ಹಾಗೆ ಒಂದು ಗುರುತು ಬಂತು. ಇನ್ನೂ ಸ್ವಲ್ಪ ಒತ್ತಿದೆ, ಬಾಣ ಆಚೆ ದಾಟಿತು. ಅಲ್ಲಿ ಸಣ್ಣ ವೃತ್ತವಾಗಿ ಕಾಣುತ್ತೆ. ಸ್ಕ್ಯಾನ್ ಅನ್ನು ದೊಡ್ಡದು ಮಾಡಿದರೆ 'ಸ್ತ್ರೀ'ಯ ಎರಡು ಒತ್ತೂ ಬಿಡಿಬಿಡಿಯಾಗಿ ಕಾಣುತ್ತಿವೆ. ಸೈಡ್‌ಕಾರ್ ಬೇಡವೇ ಬೇಡ.

ಒಂದೇ ಸಂದೇಹ. ಐಪ್ಯಾಡ್‌ಗೆ ದಾಟಿದ ಮೇಲೆ ಟೈಪ್ ಮಾಡಿದರೆ ಇಂಗ್ಲಿಷ್ ಬರುತ್ತೆ. ಪಕ್ಕದಲ್ಲಿ ಟಿಪ್ಪಣಿ ಕನ್ನಡದಲ್ಲಿ ಬರೆಯಬೇಕಿತ್ತು.

ಉತ್ತರ (ಹುಬ್ಬಳ್ಳಿಯಿಂದ)

ದಾಟಿದ ಮೇಲೆ ಐಪ್ಯಾಡ್‌ನ ಕೀಬೋರ್ಡ್ ಪಟ್ಟಿಯೇ ಲೆಕ್ಕ, ಮ್ಯಾಕ್‌ನದಲ್ಲ. ಐಪ್ಯಾಡ್‌ನ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್ ಒಳಗೆ ಕನ್ನಡ ಸೇರಿಸಿ. ಆಮೇಲೆ ಕಂಟ್ರೋಲ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಬದಲಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಬಂತು ಸರ್. ಇಬ್ಬರಿಗೂ ಧನ್ಯವಾದ. ಇವತ್ತು ರಾತ್ರಿಯೇ 40 ಪುಟ ನೋಡಿ ಮುಗಿಸುತ್ತೇನೆ.